ಮಗ್ಗ, ದೇಗುಲ, ಸ್ಕೈಲೈನ್: ಜಪಾನ್‌ಗೆ ನಮ್ಮ ಹನ್ನೊಂದು ದಿನದ ಪ್ಲ್ಯಾನ್

ಜಪಾನ್ ಪ್ರವಾಸಕ್ಕೆ ಅಂತ ನಾವು ಮಾಡಿಕೊಂಡ ಗೂಗಲ್ ಶೀಟ್‌ನಲ್ಲಿ ಎರಡು ಟ್ಯಾಬ್ ಇದ್ದವು. ಒಂದರ ಹೆಸರು 'ಕಾರು', ಇನ್ನೊಂದು 'ನೋಡಬೇಕಾದ ಜಾಗಗಳು'. ಹೆಸರಿಟ್ಟಿದ್ದು ನನ್ನ ಹೆಂಡತಿ. ಕಾರಿನ ಜಾಗಗಳು ನೋಡಬೇಕಾದ ಜಾಗಗಳಲ್ಲ ಅನ್ನೋದನ್ನ ಅವಳು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ.

ಇಬ್ಬರು, ಹನ್ನೊಂದು ದಿನ, ಐದು ಲಕ್ಷ ರೂಪಾಯಿ. ಈ ಐದು ಲಕ್ಷದ ಬಗ್ಗೆ ಒಂದು ಮಾತು. ಅದು ಹೊಸ ಕಾರಿನ ಡೌನ್ ಪೇಮೆಂಟ್‌ಗೆ ಅಂತ ಮೂರು ವರ್ಷದಿಂದ ಕೂಡಿಟ್ಟ ದುಡ್ಡು. ನಮ್ಮ ಹತ್ರ ಇರೋದು 2013ರ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್. ಕಾರಿನ ಹುಚ್ಚು ಇರುವವನು ಹೊಸ ಕಾರು ಬಿಟ್ಟು, ಬೇರೆಯವರ ಕಾರು ನೋಡೋಕೆ ವಿಮಾನ ಹತ್ತುತ್ತಾನೆ ಅಂದರೆ ಆಫೀಸಿನಲ್ಲಿ ನಕ್ಕರು. ಅಮ್ಮ ಫೋನಿನಲ್ಲಿ, "ಆ ದುಡ್ಡಲ್ಲಿ ಸೈಟಿಗೆ ಅಡ್ವಾನ್ಸ್ ಆದ್ರೂ ಕೊಡಬಹುದಿತ್ತಲ್ಲೋ" ಅಂದರು. ಅವರ ಲೆಕ್ಕ ಸರಿಯಾಗೇ ಇದೆ. ಆದರೆ ಕ್ಲಚ್ ಪ್ಲೇಟ್, ನಾಲ್ಕು ಟೈರ್ ಹಾಕಿಸಿದರೆ ಸ್ವಿಫ್ಟ್ ಇನ್ನೆರಡು ವರ್ಷ ಓಡುತ್ತೆ ಅಂತ ಗ್ಯಾರೇಜಿನವರು ಹೇಳಿದರು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು 'ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2' ಆಡಿದ ದಿನದಿಂದ ಜಪಾನ್ ಮಾತ್ರ ಮುಂದಕ್ಕೆ ಹೋಗ್ತಾನೇ ಇತ್ತು.

ಹೆಂಡತಿ ಒಪ್ಪಿದಳು, ಒಂದು ಷರತ್ತಿನ ಮೇಲೆ: "ದಿನಕ್ಕೊಂದು ಪಾರ್ಕಿಂಗ್ ಲಾಟ್ ನೋಡೋಕೆ ನಾನು ಬರಲ್ಲ."

ಪಾರ್ಕಿಂಗ್ ಲಾಟೇ ಯಾಕೆ?

ಯಾಕಂದ್ರೆ ನನ್ನ ಪಟ್ಟಿಯ ಮೊದಲ ಹೆಸರೇ ಅದು. ಯೊಕೊಹಾಮಾದ ದೈಕೊಕು ಪಾರ್ಕಿಂಗ್ ಏರಿಯಾ. ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗೋರು ಕಾಫಿಗೋ ಶೌಚಾಲಯಕ್ಕೋ ಗಾಡಿ ನಿಲ್ಲಿಸುವ ಜಾಗ, ಅಷ್ಟೆ. ಸುತ್ತ ಸುರುಳಿ ಸುತ್ತಿಕೊಂಡ ಮೇಲ್ಸೇತುವೆಗಳು, ನಡುವೆ ಈ ನಿಲ್ದಾಣ. ಸಂಜೆಯಾದರೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಮಾಜ್ದಾ ಆರ್‌ಎಕ್ಸ್-7, ಟೊಯೋಟಾ ಸುಪ್ರಾ ಹೀಗೆ ನಾವೆಲ್ಲ ಗೇಮ್‌ನಲ್ಲಿ ಮಾತ್ರ ಓಡಿಸಿದ ಕಾರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಆಯೋಜಕರೂ ಇಲ್ಲ. ಯಾರೋ ಬಾನೆಟ್ ಎತ್ತುತ್ತಾರೆ, ನಾಲ್ಕು ಜನ ಬಗ್ಗಿ ನೋಡ್ತಾರೆ. ಶೋರೂಮ್‌ನಲ್ಲಿ ನೋಡೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ, ಮದುವೆ ಆಲ್ಬಮ್ ನೋಡೋದಕ್ಕೂ ಮದುವೆ ಮನೆಗೆ ಹೋಗೋದಕ್ಕೂ ಇರೋ ವ್ಯತ್ಯಾಸ.

ತೊಡಕು ಏನಂದರೆ ಅಲ್ಲಿಗೆ ರೈಲು ಇಲ್ಲ, ನಡೆದು ಹೋಗುವ ದಾರಿಯೂ ಇಲ್ಲ. ಎಕ್ಸ್‌ಪ್ರೆಸ್‌ವೇ ಮೇಲಿಂದ ಗಾಡಿಯಲ್ಲೇ ಬರಬೇಕು. ಆನ್‌ಲೈನ್‌ನಲ್ಲಿ ಹುಡುಕಿದರೆ "ನಮ್ಮ ಜಿಟಿ-ಆರ್‌ನಲ್ಲಿ ಕೂರಿಸಿಕೊಂಡು ದೈಕೊಕು ತೋರಿಸ್ತೀವಿ" ಅನ್ನುವ ಟೂರ್‌ಗಳು ಬೇಕಾದಷ್ಟು ಸಿಗುತ್ತವೆ. ಬುಕ್ ಮಾಡೋ ಮೊದಲು ನಂಬರ್ ಪ್ಲೇಟ್ ಬಣ್ಣ ಕೇಳಿ. ಜಪಾನ್‌ನಲ್ಲಿ ದುಡ್ಡು ತಗೊಂಡು ಜನರನ್ನು ಕೂರಿಸಿಕೊಳ್ಳುವ ಗಾಡಿಗೆ ಹಸಿರು ಪ್ಲೇಟ್ ಇರಬೇಕು. ಬಿಳಿ ಪ್ಲೇಟ್ ಅಂದರೆ ಸ್ವಂತ ಬಳಕೆಯ ಗಾಡಿ. ನಮ್ಮಲ್ಲಿ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸೋದು ಹೇಗೆ ಕಾನೂನು ತಪ್ಪೋ ಅಲ್ಲೂ ಹಾಗೇ. ನಮ್ಮಲ್ಲಿಯಷ್ಟು ಸಲೀಸಾಗಿ ಕಣ್ಣು ಮುಚ್ಚಿಕೊಳ್ಳೋರು ಅಲ್ಲಿ ಕಡಿಮೆ.

ಇನ್ನೊಂದು ವಿಷಯ: ಜನ, ಸದ್ದು ಜಾಸ್ತಿಯಾದರೆ ಪೊಲೀಸರು ಬಂದು ಎಲ್ಲರನ್ನೂ ಹೊರಡಿಸಿ ಜಾಗ ಮುಚ್ಚಿಸುತ್ತಾರೆ. ವಾರಾಂತ್ಯದ ರಾತ್ರಿಗಳಲ್ಲಿ ಇದು ಮಾಮೂಲು. ಹಾಗಾಗಿ ನನ್ನ ಟ್ಯಾಬ್‌ನಲ್ಲಿ ದೈಕೊಕು ಎದುರು, "ಮುಚ್ಚಿರಬಹುದು. ಪ್ರವಾಸಿಗರ ಗಲಾಟೆ" ಅಂತ ಬರೆದಿದ್ದೆ. ಒಂದು ರಾತ್ರಿ ಅವಳ ಟ್ಯಾಬ್ ತೆಗೆದು ನೋಡ್ತೀನಿ, ಕ್ಯೋಟೊದ ಗಿಯೋನ್ ಎದುರು ಹೆಚ್ಚುಕಡಿಮೆ ಅದೇ ವಾಕ್ಯ. ಗಿಯೋನ್ ಅಂದರೆ ಗೇಶಾಗಳ ಹಳೇ ಬೀದಿ. ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಮುಖಕ್ಕೆ ಫೋನ್ ಹಿಡಿದು ಓಡುವವರ ಕಾಟ ತಾಳಲಾರದೆ, 2024ರಲ್ಲಿ ಅಲ್ಲಿನವರು ಖಾಸಗಿ ಓಣಿಗಳಿಗೆ ಪ್ರವಾಸಿಗರು ಬರೋದನ್ನೇ ನಿಷೇಧಿಸಿದರು. ಬೋರ್ಡಿನಲ್ಲಿ 10,000 ಯೆನ್ ದಂಡ ಅಂತ ಬರೆದಿದೆ. ನೂರು ಯೆನ್‌ಗೆ ಸುಮಾರು 60 ರೂಪಾಯಿ ಲೆಕ್ಕ ಹಾಕಿದರೆ ಆರು ಸಾವಿರ.

ಎರಡು ಟ್ಯಾಬ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂತಿದ್ದು ಆ ರಾತ್ರಿಯೇ. ದೈಕೊಕು ಭಾನುವಾರ ಬೆಳಿಗ್ಗೆಗೆ ಹೋಯಿತು. ಆ ಹೊತ್ತಿಗೆ ಹಳೇ ಕಾರುಗಳನ್ನು ಜತನದಿಂದ ಇಟ್ಟುಕೊಂಡ ಹಿರಿಯರು ಬರ್ತಾರೆ, ಸದ್ದು ಕಡಿಮೆ. ಗಿಯೋನ್‌ನಲ್ಲಿ ದೊಡ್ಡ ಬೀದಿಯಲ್ಲಿ ಒಂದು ಸುತ್ತು, ಓಣಿಗೆ ಕಾಲಿಡೋದಿಲ್ಲ. ಎರಡೂ ಕಡೆ ಕೇಳದೆ ಫೋಟೊ ಇಲ್ಲ.

ಅಲ್ಲೂ ಒಂದು ಆಯುಧಪೂಜೆ

ದೈಕೊಕುಗೆ ಹೋಗುವ ದಾರಿಯನ್ನು ನಕ್ಷೆಯಲ್ಲಿ ಹುಡುಕುವಾಗ ಟೋಕಿಯೊ ಮತ್ತು ಯೊಕೊಹಾಮಾ ನಡುವೆ ಅವಳ ಪಟ್ಟಿಯ ಒಂದು ದೇಗುಲ ಸಿಕ್ಕಿತು. ಕಾವಾಸಾಕಿ ದೈಶಿ. 1128ರಲ್ಲಿ ಶುರುವಾದ ಬೌದ್ಧ ದೇವಾಲಯ, ಶಿಂಗೊನ್ ಪಂಥದ್ದು. ಅಲ್ಲಿ ದಿನಾ ನಡೆಯುವ ಅಗ್ನಿಪೂಜೆಯ ಹೆಸರು 'ಗೋಮ'. ಕೇಳಿದರೆ ಗೊತ್ತಾಗುತ್ತೆ, ನಮ್ಮ ಹೋಮವೇ ಚೀನಾ ಮೇಲೆ ಹಾದು ಅಲ್ಲಿಗೆ ಹೋಗಿರೋದು.

ಈ ದೇವಾಲಯದಲ್ಲಿ ಕಾರುಗಳ ಪ್ರಾರ್ಥನೆಗೆ ಅಂತಲೇ ಬೇರೆ ಮಂದಿರ ಇದೆ. ಹೊಸ ಗಾಡಿ ತಗೊಂಡವರು ಬಂದು ಸಾಲಾಗಿ ನಿಲ್ಲಿಸುತ್ತಾರೆ, ಪುರೋಹಿತರು ಮಂತ್ರ ಹೇಳಿ ಅಪಘಾತ ಆಗದಿರಲಿ ಅಂತ ಹರಸುತ್ತಾರೆ, ಗಾಜಿಗೆ ಅಂಟಿಸೋಕೆ ಸ್ಟಿಕರ್ ಕೊಡುತ್ತಾರೆ. ನಿಂಬೆಹಣ್ಣು ಒಂದು ಇಲ್ಲ ಅಷ್ಟೆ. ಕಾರಿನ ಸಂಸ್ಕೃತಿ ಅಂದರೆ ಟರ್ಬೊ ಸದ್ದು, ಟೈರ್ ಹೊಗೆ ಅಂತ ಅಂದುಕೊಂಡಿದ್ದ ನನಗೆ ಇದು ಬಹಳ ಹಿಡಿಸಿತು. 'ಟೋಕಿಯೊ ಡ್ರಿಫ್ಟ್' ಸಿನಿಮಾದಲ್ಲಿ ಇದೆಲ್ಲ ಎಲ್ಲಿ ಬರುತ್ತೆ? ಆ ಸಿನಿಮಾದ ಸಾಕಷ್ಟು ಭಾಗ ಶೂಟ್ ಆಗಿದ್ದೇ ಲಾಸ್ ಏಂಜಲೀಸ್‌ನಲ್ಲಿ.

ಓದುತ್ತಾ ಹೋದಂತೆ ಅಲ್ಲಿನ ಕಾರು ಪ್ರೀತಿಯ ಬೇರು ಇನ್ನೂ ಸಪ್ಪೆ ಜಾಗಗಳಲ್ಲಿ ಕಾಣಿಸಿತು. ಗಾಡಿ ನಿಲ್ಲಿಸೋಕೆ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಜಾಗ ಇದೆ ಅಂತ ಪೊಲೀಸರಿಂದ ಸರ್ಟಿಫಿಕೇಟ್ ತರದಿದ್ದರೆ ಕಾರು ರಿಜಿಸ್ಟರ್ ಆಗಲ್ಲ. ಸಣ್ಣ ಕಾರುಗಳಿಗೆ ಕೆಲವು ಊರುಗಳಲ್ಲಿ ವಿನಾಯಿತಿ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ 'ಶಾಕೆನ್' ಅನ್ನುವ ತಪಾಸಣೆ. ಬ್ರೇಕು, ಲೈಟು, ಹೊಗೆ ಎಲ್ಲ ನೋಡ್ತಾರೆ, ದುಬಾರಿ ಬೇರೆ. ಮೂವತ್ತು ವರ್ಷದ ಸ್ಕೈಲೈನ್ ಇವತ್ತೂ ರಸ್ತೆಯಲ್ಲಿದೆ ಅಂದರೆ ಯಾರೋ ಒಬ್ಬರು ಪ್ರತಿ ಸಲ ಆ ಪರೀಕ್ಷೆ ಪಾಸು ಮಾಡಿಸಿಕೊಂಡು ಬಂದಿದ್ದಾರೆ ಅಂತ ಅರ್ಥ. ನಮ್ಮ ಬಡಾವಣೆಯಲ್ಲಿ ಫುಟ್‌ಪಾತ್ ಮೇಲೆ ಧೂಳು ಹಿಡಿದು ನಿಂತಿರೋ ಕಾರುಗಳನ್ನು ನೆನೆಸಿಕೊಂಡೆ.

ಎಳೆ ಕಡಿದರೆ ನಿಲ್ಲುವ ಮಗ್ಗ

ಮಾವನವರದು ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗ. ಈಗ ಎರಡು ಓಡ್ತಿವೆ, ಎರಡು ನಿಂತಿವೆ. ನನ್ನ ಹೆಂಡತಿ ಆ ಸದ್ದಿನಲ್ಲೇ ಓದಿ ಬೆಳೆದವಳು. ಪರೀಕ್ಷೆ ಹಿಂದಿನ ದಿನ ಕರೆಂಟ್ ಹೋಗಿ ಮಗ್ಗ ನಿಂತರೆ ನಿದ್ದೆಯೇ ಬರ್ತಿರಲಿಲ್ಲವಂತೆ. ಮನೆಯಲ್ಲಿ ಯಾರಾದರೊಬ್ಬರು ಸದಾ ಮಗ್ಗದ ಮುಂದೆ ನಿಂತು ಕಣ್ಣಿಟ್ಟಿರಬೇಕು. ಹಾಸಿನ ಒಂದು ಎಳೆ ಕಡಿದದ್ದು ಗೊತ್ತಾಗದೆ ಮಗ್ಗ ಓಡ್ತಾ ಹೋದರೆ ಸೀರೆ ಉದ್ದಕ್ಕೂ ಗೆರೆ ಬೀಳುತ್ತೆ, ಸೀರೆಗೆ ಅರ್ಧ ಬೆಲೆ.

ನಗೋಯಾದಲ್ಲಿ ಟೊಯೋಟಾದವರದು ಎರಡು ಮ್ಯೂಸಿಯಂ ಇವೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಊರಾಚೆ ನಾಗಕುತೆಯಲ್ಲಿರೋದು ಕಾರುಗಳ ಮ್ಯೂಸಿಯಂ. ಊರೊಳಗೆ, ನಗೋಯಾ ಸ್ಟೇಷನ್‌ಗೆ ಹತ್ತಿರ, ಹಳೇ ಕೆಂಪು ಇಟ್ಟಿಗೆಯ ಜವಳಿ ಕಾರ್ಖಾನೆಯಲ್ಲಿರೋದು ಕೈಗಾರಿಕೆ ಮತ್ತು ತಂತ್ರಜ್ಞಾನದ ಸ್ಮಾರಕ ಮ್ಯೂಸಿಯಂ. ನಾನು ಮೊದಲನೆಯದನ್ನ ಬರೆದುಕೊಂಡಿದ್ದೆ. ಅವಳು ವೀಡಿಯೊ ನೋಡಿ ಎರಡನೆಯದನ್ನ ಹಿಡಿದುಕೊಂಡಳು, ಯಾಕಂದ್ರೆ ಅಲ್ಲಿ ಅರ್ಧ ಮ್ಯೂಸಿಯಂ ಬರೀ ಮಗ್ಗಗಳು. ಅದೂ ಓಡುವ ಮಗ್ಗಗಳು. ಸಿಬ್ಬಂದಿ ನಿಂತು ನೇಯ್ದು ತೋರಿಸ್ತಾರೆ.

ಟೊಯೋಟಾ ಶುರುವಾಗಿದ್ದು ಕಾರಿನಿಂದಲ್ಲ. ಸಾಕಿಚಿ ಟೊಯೋಡಾ, 1867ರಲ್ಲಿ ಹತ್ತಿ ನೇಯುವ ಸೀಮೆಯಲ್ಲಿ ಹುಟ್ಟಿದವರು. ಜೀವನಪೂರ್ತಿ ಮಗ್ಗ ಸುಧಾರಿಸುತ್ತಲೇ ಇದ್ದರು. 1924ರ 'ಟೈಪ್ ಜಿ' ಅವರ ದೊಡ್ಡ ಕೆಲಸ. ಲಾಳಿಯಲ್ಲಿ ನೂಲು ಮುಗಿದರೆ ಮಗ್ಗ ನಿಲ್ಲದೆಯೇ ಹೊಸ ಲಾಳಿ ಬಂದು ಕೂರುತ್ತೆ. ಹಾಸಿನ ಒಂದೊಂದು ಎಳೆಗೂ ತೆಳುವಾದ ಲೋಹದ ಪಟ್ಟಿ ನೇತುಹಾಕಿರುತ್ತೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತೆ, ಮಗ್ಗ ತಾನಾಗೇ ನಿಲ್ಲುತ್ತೆ. ಅಂದರೆ ಕಣ್ಣಿಟ್ಟು ನಿಂತಿರೋ ಮನುಷ್ಯ ಬೇಕಾಗಿಲ್ಲ. ಒಬ್ಬರೇ ಎಷ್ಟೋ ಮಗ್ಗ ನೋಡಿಕೊಳ್ಳಬಹುದು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಈ ಮಗ್ಗದ ಪೇಟೆಂಟ್ ಹಕ್ಕು ಕೊಂಡುಕೊಂಡಿತು. ಮ್ಯಾಂಚೆಸ್ಟರ್ ಸೀಮೆಯ ಮಗ್ಗದ ಕಂಪನಿ ಜಪಾನ್‌ನಿಂದ ಮಗ್ಗ ಕಲಿತದ್ದು! ಮಗ ಕಿಇಚಿರೊ ಅದೇ ಮಗ್ಗದ ಕಂಪನಿಯೊಳಗೆ 1933ರಲ್ಲಿ ಕಾರಿನ ವಿಭಾಗ ತೆರೆದರು, 1937ರಲ್ಲಿ ಅದು ಬೇರೆ ಕಂಪನಿಯಾಯಿತು. ನಮ್ಮ ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ರಸ್ತೆಗಿಳಿದ ಕ್ವಾಲಿಸ್‌ನ ವಂಶವೃಕ್ಷದ ಬುಡದಲ್ಲಿರೋದು ಒಂದು ಮಗ್ಗ.

ನನ್ನ ಕೆಲಸಕ್ಕೂ ಅದರ ನಂಟಿದೆ. ತಪ್ಪಾದ ತಕ್ಷಣ ಯಂತ್ರ ತಾನೇ ನಿಲ್ಲಬೇಕು ಅನ್ನೋ ತತ್ವಕ್ಕೆ ಟೊಯೋಟಾದವರು 'ಜಿದೋಕಾ' ಅಂತಾರೆ. ನಮ್ಮ ಟೀಮ್‌ನಲ್ಲಿ ಒಂದು ಟೆಸ್ಟ್ ಫೇಲ್ ಆದರೆ ಇಡೀ ಬಿಲ್ಡ್ ನಿಲ್ಲುತ್ತಲ್ಲ, ಅದೇ. ದಿನಾ ಬೆಳಿಗ್ಗೆ ಸ್ಟ್ಯಾಂಡ್-ಅಪ್‌ನಲ್ಲಿ ನೋಡೋ 'ಕಾನ್‌ಬಾನ್' ಬೋರ್ಡ್ ಕೂಡ ಟೊಯೋಟಾ ಕಾರ್ಖಾನೆಯದೇ. ತೈಇಚಿ ಓನೊ ಅನ್ನುವ ಎಂಜಿನಿಯರ್ ರೂಪಿಸಿದ್ದು. ಒಂದು ಡಬ್ಬಿ ಬಿಡಿಭಾಗ ಖಾಲಿಯಾದರೆ ಅದರ ಚೀಟಿ ಹಿಂದಕ್ಕೆ ಹೋಗಿ ಇನ್ನೊಂದು ಡಬ್ಬಿ ತರಿಸುತ್ತೆ. ಎಂಟು ವರ್ಷದಿಂದ ಆ ಪದ ಬಳಸ್ತಿದ್ದೀನಿ, ಅದರ ತವರನ್ನ ನೋಡೋದು ಈಗ.

ಮಾವನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳಿಗೆ, "ಫೋಟೊ ಬೇಡಮ್ಮ, ವೀಡಿಯೊ ಮಾಡ್ಕೊಂಡು ಬಾ. ಸದ್ದು ಕೇಳ್ಬೇಕು" ಅಂದರು. ಅವಳ ಪಟ್ಟಿಯಲ್ಲಿ ಆ ಮ್ಯೂಸಿಯಂ ಈಗ ಮೊದಲ ಸಾಲಿನಲ್ಲಿದೆ. ನಾಗಕುತೆಯನ್ನ ನಾನು ಬಿಟ್ಟೆ. ಎರಡಕ್ಕೂ ಒಂದೇ ದಿನ ಸಾಲದು.

ಟೋಕಿಯೊದಿಂದ ನಗೋಯಾಕ್ಕೆ ಹೋಗುವ ದಾರಿಯಲ್ಲೇ ಹಮಾಮತ್ಸು. ಸುಜುಕಿಯ ಊರು. ಮಿಚಿಯೊ ಸುಜುಕಿ 1909ರಲ್ಲಿ ಅಲ್ಲಿ ತೆರೆದದ್ದೂ ಮಗ್ಗದ ಕಾರ್ಖಾನೆಯನ್ನೇ! ಸಾಕಿಚಿ ಹುಟ್ಟಿದ ಊರು ಅಲ್ಲಿಗೆ ಹತ್ತಿರ. 1979ರಲ್ಲಿ ಅಲ್ಲಿ ಬಂದ ಪುಟ್ಟ ಆಲ್ಟೊಗೇ ಸ್ವಲ್ಪ ದೊಡ್ಡ ಎಂಜಿನ್ ಕೂರಿಸಿ 1983ರಲ್ಲಿ ನಮಗೆ ಕೊಟ್ಟದ್ದು ಮಾರುತಿ 800. ಆ ಕಾರಿನ ಹಿಂದಿನ ಸೀಟಿನಲ್ಲಿ ಐದು ಜನ ಕೂತು ಧರ್ಮಸ್ಥಳಕ್ಕೆ ಹೋದ ನೆನಪು ನಿಮಗೂ ಇರಬಹುದು. ಸುಜುಕಿಯ ಇತಿಹಾಸ ಹೇಳುವ 'ಸುಜುಕಿ ಪ್ಲಾಜಾ' ಉಚಿತ, ಆದರೆ ಮೊದಲೇ ಬುಕ್ ಮಾಡಬೇಕು. ಅತಿ ವೇಗದ ನೊಜೊಮಿ ಬುಲೆಟ್ ರೈಲು ಹಮಾಮತ್ಸುನಲ್ಲಿ ನಿಲ್ಲಲ್ಲ. ಕೊದಾಮಾ ಅಥವಾ ಅಲ್ಲಿ ನಿಲ್ಲುವ ಹಿಕಾರಿ ನೋಡಿ ಟಿಕೆಟ್ ತಗೊಳ್ಳಿ.

48 ಅಕ್ಷರ, 48 ತಿರುವು

ಇನ್ನು ಘಾಟಿ ರಸ್ತೆ. ಕಾರು ಹುಚ್ಚರಿಗೆ ಜಪಾನ್ ಅಂದರೆ 'ಇನಿಶಿಯಲ್ ಡಿ'. ಶುಇಚಿ ಶಿಗೆನೊ 1995ರಿಂದ 2013ರವರೆಗೆ ಬರೆದ ಮಾಂಗಾ. ಅಪ್ಪನ ತೋಫು ಅಂಗಡಿಯ ಹಳೇ ಟೊಯೋಟಾ ಎಇ86 ಕಾರಿನಲ್ಲಿ ಬೆಳಗಿನ ಜಾವ ತೋಫು ಹಾಕಿ ಬರುವ ಹುಡುಗ, ಬೆಟ್ಟ ಇಳಿಯೋದರಲ್ಲಿ ಎಲ್ಲರನ್ನೂ ಸೋಲಿಸ್ತಾನೆ. ಕತೆಯ 'ಅಕಿನಾ' ಬೆಟ್ಟ ನಿಜದಲ್ಲಿ ಗುನ್ಮಾ ಪ್ರಾಂತ್ಯದ ಹರುನಾ. ತೋಫು ಅಂಗಡಿಗೆ ಮಾದರಿಯಾದ ನಿಜವಾದ ಅಂಗಡಿ ಈಗಿಲ್ಲ. ಅದರ ಮುಂಭಾಗವನ್ನ ಇಕಾಹೊದ ಆಟಿಕೆ ಮತ್ತು ಕಾರುಗಳ ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿಟ್ಟಿದ್ದಾರೆ.

ಹರುನಾ ಅವಳ ಪಟ್ಟಿಯಲ್ಲೂ ಇತ್ತು, ಬೇರೆ ಕಾರಣಕ್ಕೆ. ದೊಡ್ಡ ದೊಡ್ಡ ಬಂಡೆ, ಮುಗಿಲೆತ್ತರದ ಸೀಡರ್ ಮರಗಳ ನಡುವೆ ಹರುನಾ ದೇಗುಲ. ಕೆಳಗೆ ಇಕಾಹೊದಲ್ಲಿ 365 ಕಲ್ಲು ಮೆಟ್ಟಿಲ ಬೀದಿ, ಬಿಸಿನೀರ ಬುಗ್ಗೆ. ಒಂದೇ ಬೆಟ್ಟ ಎರಡು ಟ್ಯಾಬ್‌ನಲ್ಲಿ ಎರಡು ಹೆಸರಿನಲ್ಲಿ ಕೂತಿತ್ತು.

ನಿಕ್ಕೊ ಕೂಡ ಹಾಗೇ. ಅವಳಿಗೆ ತೋಶೋಗು ದೇಗುಲ: ಶೋಗನ್ ತೊಕುಗಾವಾ ಇಯೆಯಾಸುವಿನ ಸಮಾಧಿಯಿರುವ ಜಾಗ, ಇಂದಿನ ಕಟ್ಟಡಗಳು ಬಹುಪಾಲು 1636ರವು, ಕೆಟ್ಟದ್ದನ್ನು ನೋಡದ ಕೇಳದ ಆಡದ ಮೂರು ಮಂಗಗಳ ಪ್ರಸಿದ್ಧ ಕೆತ್ತನೆ ಇರೋದು ಅಲ್ಲೇ. ನನಗೆ ಅಲ್ಲಿಂದ ಮೇಲೆ ಚೂಝೆಂಜಿ ಸರೋವರಕ್ಕೆ ಹತ್ತುವ ಇರೊಹಾಝಾಕಾ ರಸ್ತೆ. ಏರೋಕೆ ಒಂದು ರಸ್ತೆ, ಇಳಿಯೋಕೆ ಇನ್ನೊಂದು, ಎರಡೂ ಏಕಮುಖ. ಏರುವಾಗ 20 ತಿರುವು, ಇಳಿಯುವಾಗ 28. ಒಟ್ಟು 48. ಜಪಾನಿ ವರ್ಣಮಾಲೆಯ ಹಳೇ ಕ್ರಮದಲ್ಲಿ ಇ, ರೊ, ಹ ಅಂತ 48 ಅಕ್ಷರ. ಒಂದೊಂದು ತಿರುವಿಗೂ ಒಂದೊಂದು ಅಕ್ಷರದ ಬೋರ್ಡು. ನಮ್ಮ ಆಗುಂಬೆಯ ಹದಿನಾಲ್ಕು ತಿರುವಿಗೆ ನಂಬರ್ ಬದಲು ಅ ಆ ಇ ಈ ಬರೆದ ಹಾಗೆ. ಕನ್ನಡದ 49 ಅಕ್ಷರ ಅಲ್ಲಿಗೆ ಹಾಕಿದರೆ ಒಂದು ಉಳಿದುಹೋಗುತ್ತೆ. ಇದು ಮೊದಲು ಯಾತ್ರಿಕರ ಕಾಲುದಾರಿ. ಬುಡದಲ್ಲಿರುವ ಜಾಗದ ಹೆಸರು ಉಮಾಗಾಯೆಶಿ, ಅಂದರೆ ಕುದುರೆ ಹಿಂದಿರುಗುವ ಜಾಗ. ಅಲ್ಲಿಂದ ಮುಂದೆ ನಡೆದೇ ಹೋಗಬೇಕಿತ್ತು.

ಅಕ್ಟೋಬರ್ ಕೊನೆಯಿಂದ ಎಲೆ ಕೆಂಪಾಗುವ ಹೊತ್ತಿನಲ್ಲಿ ಈ ರಸ್ತೆಯಲ್ಲಿ ಗಂಟೆಗಟ್ಟಲೆ ಟ್ರಾಫಿಕ್ ಜಾಮ್. ಸಿಲ್ಕ್ ಬೋರ್ಡ್ ನೋಡೋಕೆ ಜಪಾನ್‌ಗೆ ಹೋಗಬೇಕಾಗಿಲ್ಲ. ಹಾಗಾಗಿ ನವೆಂಬರ್ ಎರಡನೇ ವಾರ, ಮಂಗಳವಾರ, ಬೆಳಿಗ್ಗೆ ಏಳಕ್ಕೆ. ಎಲೆ ಮೇಲುಗಡೆ ಉದುರಿರುತ್ತೆ. ಕ್ಯೋಟೊ ತಲುಪೋ ಹೊತ್ತಿಗೆ ಅಲ್ಲಿ ಬಣ್ಣ ಏರ್ತಿರುತ್ತೆ. ನಿಕ್ಕೊದಿಂದ ಹರುನಾ ಕಡೆಗೆ ಕೊನ್ಸೆಯ್ ಘಾಟಿ ದಾಟುವ ದಾರಿ ನಕ್ಷೆಯಲ್ಲಿ ಆಸೆ ಹುಟ್ಟಿಸುತ್ತೆ. ನವೆಂಬರ್‌ನಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಬಹುದು, ನಮಗೆ ಅದರ ಮೇಲೆ ಓಡಿಸಿ ಅಭ್ಯಾಸ ಇಲ್ಲ. ಕೆಳಗಿಳಿದು ಎಕ್ಸ್‌ಪ್ರೆಸ್‌ವೇನಲ್ಲೇ ಹೋಗ್ತೀವಿ.

ರಾತ್ರಿ ಹರುನಾ ಹತ್ತಬೇಕು ಅನ್ನೋದು ನನ್ನ ಹಳೇ ಕನಸು. ಅದನ್ನೂ ತೆಗೆದುಹಾಕಿದೆ. ಕಾಮಿಕ್ಸ್‌ನಲ್ಲಿ ಎದುರಿಂದ ಯಾರೂ ಬರಲ್ಲ. ನಿಜದ ಬೆಟ್ಟದಲ್ಲಿ ಹಾಲಿನ ಗಾಡಿ ಬರುತ್ತೆ, ಮನೆಗೆ ಹೋಗೋ ಅಜ್ಜ ಬರ್ತಾರೆ. ಡ್ರಿಫ್ಟ್ ನೋಡಬೇಕು ಅನ್ನೋರಿಗೆ ಫುಕುಶಿಮಾದ ಎಬಿಸು ಸರ್ಕ್ಯೂಟ್ ಇದೆ.

ಕಾಗದಪತ್ರ, ರೈಲು, ಊಟ

ಓಡಿಸೋಕೆ ಬೇಕಾದ್ದು 1949ರ ಜಿನೀವಾ ಒಪ್ಪಂದದ ಪ್ರಕಾರದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ನಮ್ಮ ಆರ್‌ಟಿಒ ಕೊಡೋದು ಅದನ್ನೇ, ಒಂದು ವರ್ಷ ಚಾಲ್ತಿ. ಜೊತೆಗೆ ಒರಿಜಿನಲ್ ಡಿಎಲ್ ಇರಲೇಬೇಕು. ಸ್ಟಿಯರಿಂಗ್ ಬಲಕ್ಕೆ, ಓಡಿಸೋದು ಎಡಕ್ಕೆ, ನಮ್ಮಂತೆಯೇ. ತಲೆಕೆಳಗಾದ ಕೆಂಪು ತ್ರಿಕೋನ ಕಂಡರೆ ಗಾಲಿ ಪೂರ್ತಿ ನಿಲ್ಲಬೇಕು, ನಿಧಾನ ಮಾಡಿದರೆ ಸಾಲದು. ರೈಲ್ವೆ ಕ್ರಾಸಿಂಗ್‌ನಲ್ಲಿ ಗೇಟ್ ತೆರೆದಿದ್ದರೂ ನಿಂತು ಹೋಗಬೇಕು. ಕುಡಿದವರು ಓಡಿಸಿದರೆ ಪಕ್ಕದಲ್ಲಿ ಕೂತವರಿಗೂ ಶಿಕ್ಷೆ.

ಏಳು ದಿನದ ಜೆಆರ್ ಪಾಸ್ ಕಣ್ಣು ಮುಚ್ಚಿ ಕೊಳ್ಳೋ ಕಾಲ ಮುಗಿಯಿತು. 2023ರ ಅಕ್ಟೋಬರ್‌ನಲ್ಲಿ ಅದು 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ-ಕ್ಯೋಟೊ ಒಂದು ಕಡೆಗೆ ಸುಮಾರು 14,000. ನಮ್ಮ ಲೆಕ್ಕದಲ್ಲಿ ಬಿಡಿ ಟಿಕೆಟ್ಟೇ ಅಗ್ಗ.

ಸಸ್ಯಾಹಾರಿಗಳಿಗೆ ಕಷ್ಟ ಇರೋದು ಕಣ್ಣಿಗೆ ಕಾಣದ ಜಾಗದಲ್ಲಿ: ಸಾರು, ಸಾಸ್ ಎಲ್ಲದರಲ್ಲೂ 'ದಾಶಿ', ಅಂದರೆ ಮೀನಿನ ಕಷಾಯ. ದೇಗುಲಗಳ 'ಶೋಜಿನ್ ರಿಯೋರಿ' ಪೂರ್ತಿ ಸಸ್ಯಾಹಾರ, ಆದರೆ ದಿನಾ ತಿನ್ನುವ ಬೆಲೆಯಲ್ಲ. ಅವಳು ಸಸ್ಯಾಹಾರಿ. ಎಂಟಿಆರ್ ಪ್ಯಾಕೆಟ್ ಮತ್ತು ಚಟ್ನಿಪುಡಿಗೆ ಎರಡು ಕೆಜಿ ಲಗೇಜ್ ತೆಗೆದಿಟ್ಟಿದ್ದೀವಿ.

ಕ್ಯೋಟೊಗೆ ಮೂರು ದಿನ, ಅದು ಪೂರ್ತಿ ಅವಳದು. ಬೆಳಿಗ್ಗೆ ಆರಕ್ಕೆ ಫುಶಿಮಿ ಇನಾರಿ. ಕೇಸರಿ ತೋರಣಗಳ ಹಿಂಭಾಗದಲ್ಲಿ ದಾನ ಕೊಟ್ಟ ಕಂಪನಿಗಳ ಹೆಸರು ಬರೆದಿರ್ತಾರಂತೆ, ನಮ್ಮ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬರೆದ ಹಾಗೆ. ಕಿಯೋಮಿಜುದೇರಾ. ಆಮೇಲೆ ರೇಷ್ಮೆ ನೇಕಾರರ ನಿಶಿಜಿನ್ ಬೀದಿಗಳಲ್ಲಿ ಒಂದು ಮಧ್ಯಾಹ್ನ. ಅಲ್ಲಿ ಅವಳಿಗೆ ಬೇಕಾಗಿರೋದು ಮ್ಯೂಸಿಯಂ ಅಲ್ಲ, ಮನೆಗಳ ಒಳಗಿಂದ ಬರುವ ಮಗ್ಗದ ಸದ್ದು.

ಕೊನೆಗೆ ಉಳಿದದ್ದು ಬಾಡಿಗೆ ಕಾರು. ಸ್ಕೈಲೈನ್ ಬಾಡಿಗೆಗೆ ಸಿಗುತ್ತೆ, ಗೀರು ಬಿದ್ದರೆ ಕಟ್ಟಬೇಕಾದ ಮೊತ್ತ ನೋಡಿ ಕಿಟಕಿ ಮುಚ್ಚಿದೆ. ಬುಕ್ ಮಾಡಿದ್ದು 'ಕೇ' ವರ್ಗ: 660 ಸಿಸಿ, ಉದ್ದ 3.4 ಮೀಟರ್ ಒಳಗೆ, ಅಗಲ 1.48 ಮೀಟರ್ ಒಳಗೆ, ಹಳದಿ ಪ್ಲೇಟ್. ಜಪಾನ್‌ನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಇದೇ. ಕನ್ಫರ್ಮೇಷನ್ ಮೇಲ್‌ನಲ್ಲಿ 'ಸುಜುಕಿ ಆಲ್ಟೊ ಅಥವಾ ಅದೇ ವರ್ಗದ ಕಾರು' ಅಂತಿದೆ. ಹೆಂಡತಿ ಎರಡು ಸಲ ಓದಿದಳು. "ಐದು ಲಕ್ಷ ಕೊಟ್ಟು ಜಪಾನ್‌ಗೆ ಹೋಗಿ ಆಲ್ಟೊ ಓಡಿಸ್ತೀಯಾ?"

ಪರ್ಮಿಟ್ ಇಬ್ಬರದೂ ಕೈಗೆ ಬಂದಿದೆ. ಇರೊಹಾಝಾಕಾದಲ್ಲಿ ಏರುವ ಇಪ್ಪತ್ತು ತಿರುವು ಅವಳಿಗೆ, ಇಳಿಯುವ ಇಪ್ಪತ್ತೆಂಟು ನನಗೆ ಅಂತ ಆಗಿದೆ. ಇಪ್ಪತ್ನಾಲ್ಕು-ಇಪ್ಪತ್ನಾಲ್ಕು ಮಾಡೋಕೆ ಆಗಲ್ವಾ ಅಂತ ಅವಳು ಇನ್ನೂ ಕೇಳ್ತಿದ್ದಾಳೆ.